ಮನಸ್ಸನ್ನು ಓದುವ ಆಸೆ ಮತ್ತು ಮನಶ್ಶಾಸ್ತ್ರದ ಅಧ್ಯಯನ

ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವವರಲ್ಲಿ ಹೆಚ್ಚಿನವರು ಮೂರು ಬಗೆಯ ನಿರೀಕ್ಷೆಗಳನ್ನು ಇಟ್ಟುಕೊಂಡು ತರಗತಿಗೆ ಬರುತ್ತಾರೆ. ಎದುರಿಗಿರುವವರ ಮುಖಭಾವ, ಮಾತಿನ ಧಾಟಿ, ಕೈಕಾಲುಗಳ ಚಲನೆಗಳನ್ನು ಕಂಡೇ ಅವರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುವ ವಿದ್ಯೆ ಇಲ್ಲಿ ಸಿಕ್ಕೀತು ಎಂಬುದು ಮೊದಲನೆಯದು. ತಮ್ಮ ಅಂಜಿಕೆ, ಸಿಟ್ಟು, ಮರೆವು, ಪರೀಕ್ಷೆಯ ಹೊತ್ತಿನ ತಳಮಳಗಳ ಕಾರಣ ತಿಳಿದು ಅವುಗಳಿಂದ ಪಾರಾಗಬಹುದು, ಮನೆಯಲ್ಲಿ ನರಳುತ್ತಿರುವವರಿಗೂ ನೆರವಾಗಬಹುದು ಎಂಬುದು ಎರಡನೆಯದು. ಸಭ್ಯರೆನಿಸಿಕೊಂಡವರು ಗುಂಪಿನಲ್ಲಿ ಕ್ರೂರಿಗಳಾಗುವುದೇಕೆ, ಓದು ಬಲ್ಲವರೂ ವದಂತಿಗೆ ಬಲಿಬೀಳುವುದೇಕೆ ಎಂಬಂಥ ಪ್ರಶ್ನೆಗಳಿಗೆ ಉತ್ತರ ದೊರೆತೀತು ಎಂಬುದು ಮೂರನೆಯದು. ಈ ಮೂರೂ ಸಹಜವಾದ ಬಯಕೆಗಳು. ಮನುಷ್ಯರ ನಡುವೆ ಬದುಕುವ ಯಾರಿಗಾದರೂ ಮನುಷ್ಯರನ್ನು ಅರಿಯುವ ಹಂಬಲ ಇದ್ದೇ ಇರುತ್ತದೆ.

ಆದರೆ ಮೊದಲ ಕೆಲವು ತಿಂಗಳ ಪಾಠಗಳು ಈ ನಿರೀಕ್ಷೆಗಳಿಗೆ ತಣ್ಣೀರೆರಚುವಂತೆ ತೋರುವುದುಂಟು. ಪ್ರಯೋಗಾಲಯದಲ್ಲಿ ಕೈಗೆ ಬರುವುದು ಒಂದು ಸ್ಟಾಪ್‌ವಾಚು, ಎರಡು ಗೆರೆಗಳ ಉದ್ದವನ್ನು ಸರಿಹೊಂದಿಸಬೇಕಾದ ಹಲಗೆ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಆಕೃತಿಯನ್ನು ತಿದ್ದಬೇಕಾದ ಸಲಕರಣೆ, ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿ. ಪುಸ್ತಕದಲ್ಲಿ ಎದುರಾಗುವುದು ಸರಾಸರಿ, ವಿಚಲನೆ, ಸಹಸಂಬಂಧಗಳ ಲೆಕ್ಕಾಚಾರ. ಮನಸ್ಸಿನ ಆಳಕ್ಕಿಳಿಯಲು ಬಂದವರಿಗೆ ಇದೆಲ್ಲ ದಡದಲ್ಲೇ ಕೂರಿಸಿದಂತೆ ಅನಿಸಿದರೆ ಅಚ್ಚರಿಯೇನಿಲ್ಲ. ಈ ನಿರಾಸೆಗೆ ಕಾರಣವಾಗುವ ಸಂಗತಿಯಲ್ಲೇ ಆ ಶಾಸ್ತ್ರದ ನಿಜವಾದ ಸ್ವಾರಸ್ಯ ಅಡಗಿದೆ ಎಂಬುದು ಪ್ರಸ್ತುತ ಲೇಖನದ ವಾದ. ಮನಶ್ಶಾಸ್ತ್ರವು ಹೊಸಬರ ಬಯಕೆಗಳನ್ನು ನೇರವಾಗಿ ಈಡೇರಿಸುವುದಿಲ್ಲ, ತಳ್ಳಿಹಾಕುವುದೂ ಇಲ್ಲ. ಅವುಗಳನ್ನು ಪರೀಕ್ಷೆಗೆ ಒಡ್ಡಬಹುದಾದ ಪ್ರಶ್ನೆಗಳಾಗಿ ಮಾರ್ಪಡಿಸುತ್ತದೆ, ಮತ್ತು ಹಾಗೆ ಮಾರ್ಪಡಿಸುವಾಗ, ಜನರನ್ನು ತಾನು ಬಲ್ಲೆ ಎಂದು ಪ್ರತಿಯೊಬ್ಬರೂ ಇಟ್ಟುಕೊಂಡಿರುವ ಭರವಸೆಯನ್ನೇ ಮೊಟ್ಟಮೊದಲು ಅಧ್ಯಯನದ ವಸ್ತುವನ್ನಾಗಿ ಮಾಡುತ್ತದೆ.

ಮನಸ್ಸನ್ನು ಓದುವ ಬಯಕೆಯಿಂದಲೇ ಆರಂಭಿಸಬಹುದು. ಸುಳ್ಳಾಡುವವರು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದಿಲ್ಲ, ತಡವರಿಸುತ್ತಾರೆ, ಕೈ ಹೊಸೆಯುತ್ತಾರೆ ಎಂಬ ನಂಬಿಕೆ ಬಹಳ ವ್ಯಾಪಕವಾದದ್ದು. ಪೊಲೀಸ್ ಠಾಣೆಯಿಂದ ಹಿಡಿದು ಹೆಣ್ಣು ನೋಡುವ ಶಾಸ್ತ್ರದವರೆಗೆ ಅದು ಕೆಲಸ ಮಾಡುತ್ತದೆ. ಈ ಕುರಿತು ಅಲ್ಲಿಯವರೆಗೆ ನಡೆದಿದ್ದ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳ ಫಲಿತಾಂಶಗಳನ್ನು ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ವಿಶೇಷ ಸಲಕರಣೆಗಳ ನೆರವಿಲ್ಲದೆ ಸತ್ಯ ಮತ್ತು ಸುಳ್ಳುಗಳನ್ನು ಬೇರ್ಪಡಿಸುವಲ್ಲಿ ಜನರ ತೀರ್ಮಾನ ಸರಾಸರಿ ಶೇ. 54ರಷ್ಟು ಸಲ ಮಾತ್ರ ಸರಿಯಾಗಿತ್ತೆಂದು ತಿಳಿದುಬಂತು. ನಾಣ್ಯ ಚಿಮ್ಮಿ ತೀರ್ಮಾನಿಸಿದರೂ ಶೇ. 50ರಷ್ಟು ಸರಿಯಾಗಬಹುದಾದ ಕೆಲಸದಲ್ಲಿ ಲೋಕಾನುಭವವು ಸೇರಿಸುವ ಲಾಭ ಇಷ್ಟೇ. ಮನಸ್ಸನ್ನು ಓದುವ ಕಲೆ ಕಲಿಯಲು ಬಂದ ವಿದ್ಯಾರ್ಥಿಗೆ ಸಿಗುವ ಮೊದಲ ಪಾಠವೆಂದರೆ, ಆ ಕಲೆ ತನ್ನಲ್ಲಿ ಈಗಾಗಲೇ ಇದೆಯೆಂಬ ನಂಬಿಕೆ ಎಷ್ಟು ಪೊಳ್ಳು ಎಂಬುದು.

ಇಷ್ಟಕ್ಕೇ ನಿಂತಿದ್ದರೆ ಈ ಶಾಸ್ತ್ರ ಬರಿಯ ನಿರಾಕರಣೆಯಾಗುತ್ತಿತ್ತು. ದೇಹವು ಮನಸ್ಸಿನ ಸುಳಿವು ಕೊಡುವುದೇ ಇಲ್ಲವೇ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಆರಂಭದ ಬರ್ಲಿನ್ನಿನ ಒಂದು ಪ್ರಸಂಗ ಬೇರೊಂದು ದಿಕ್ಕಿನಿಂದ ಉತ್ತರ ಕೊಡುತ್ತದೆ. ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಶಿಕ್ಷಕರು ಸಾಕಿದ್ದ ಹಾನ್ಸ್ ಎಂಬ ಕುದುರೆ ಕೂಡುವ, ಕಳೆಯುವ ಲೆಕ್ಕಗಳಿಗೆ ಗೊರಸು ತಟ್ಟಿ ಸರಿಯುತ್ತರ ನೀಡುತ್ತಿತ್ತು. 1904ರಲ್ಲಿ ಕಾರ್ಲ್ ಸ್ಟುಂಫ್ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿ, ಇದರಲ್ಲಿ ಯಾವ ಮೋಸವೂ ಕಾಣುತ್ತಿಲ್ಲವೆಂದಿತು. ಸ್ಟುಂಫರ ಶಿಷ್ಯ ಆಸ್ಕರ್ ಫುಂಗ್‌ಸ್ಟ್ ಅಷ್ಟಕ್ಕೆ ಸುಮ್ಮನಾಗದೆ ಸನ್ನಿವೇಶವನ್ನು ಒಂದೊಂದೇ ಅಂಶದಲ್ಲಿ ಬದಲಿಸುತ್ತ ಹೋದರು. ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿರದಂತೆ ಮಾಡಿದಾಗ ಕುದುರೆ ಸೋತಿತು. ಕೇಳುವವರು ಅದರ ಕಣ್ಣಿಗೆ ಬೀಳದಂತೆ ಮಾಡಿದಾಗಲೂ ಸೋತಿತು. ಕುದುರೆ ತಟ್ಟತೊಡಗಿದಾಗ ಪ್ರಶ್ನೆ ಕೇಳಿದವರು ತುಸು ಬಾಗುತ್ತಿದ್ದರು, ಸರಿಯಾದ ಸಂಖ್ಯೆ ಬಂದೊಡನೆ ಅವರ ತಲೆ ಅರಿವಿಲ್ಲದೆಯೇ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಕುದುರೆ ಆ ಚಲನೆಯನ್ನು ಕಂಡು ನಿಲ್ಲಿಸುತ್ತಿತ್ತು. ಗುಟ್ಟು ತಿಳಿದ ಬಳಿಕವೂ ಫುಂಗ್‌ಸ್ಟ್ ತಮ್ಮದೇ ತಲೆಯ ಆ ಅಲುಗಾಟವನ್ನು ತಡೆಯಲು ಕಷ್ಟಪಡಬೇಕಾಯಿತು.

1907ರಲ್ಲಿ ಪ್ರಕಟವಾದ ಈ ಅಧ್ಯಯನದ ಮಹತ್ವ ಕುದುರೆಯ ಜಾಣ್ಮೆಯ ವಿಚಾರವನ್ನು ಮೀರಿದ್ದು. ದೇಹ ಸುಳಿವು ಕೊಡುವುದು ನಿಜ, ಆದರೆ ಕೊಡುವವರಿಗೂ ಪಡೆಯುವವರಿಗೂ ಅದು ತಿಳಿದಿರಬೇಕಿಲ್ಲ. ಹೀಗಾಗಿ ಪ್ರಯೋಗ ಮಾಡುವವರ ನಿರೀಕ್ಷೆಯೇ ಪ್ರಯೋಗದ ಫಲಿತಾಂಶದೊಳಗೆ ನುಸುಳಬಲ್ಲದು. ಯಾರಿಗೆ ಯಾವ ಔಷಧ ಸಿಕ್ಕಿದೆಯೆಂಬುದು ಕೊಡುವ ವೈದ್ಯರಿಗೂ ತೆಗೆದುಕೊಳ್ಳುವ ರೋಗಿಗೂ ಗೊತ್ತಿರಬಾರದು ಎಂದು ಇಂದು ಔಷಧ ಪರೀಕ್ಷೆಗಳಲ್ಲಿ ಪಾಲಿಸುವ ಎಚ್ಚರದ ಹಿಂದಿರುವುದೂ ಇದೇ ತಿಳಿವಳಿಕೆ. ಮನಸ್ಸನ್ನು ಓದುವ ಬಯಕೆ ಇಲ್ಲಿ ವಿಧಾನದ ಪ್ರಶ್ನೆಯಾಗಿ ಬದಲಾಗಿದೆ: ಏನು ಗೊತ್ತಾಯಿತು ಎಂಬುದರ ಜೊತೆಗೆ ಅದು ಹೇಗೆ ಗೊತ್ತಾಯಿತು ಎಂದೂ ಕೇಳಬೇಕಾಗುತ್ತದೆ.

ವ್ಯಕ್ತಿತ್ವವನ್ನು ಕರಾರುವಾಕ್ಕಾಗಿ ಹೇಳಿಬಿಡುವ ಭರವಸೆಯೂ ಇದೇ ರೀತಿಯ ಪರೀಕ್ಷೆಗೆ ಒಳಗಾಗಿದೆ. ಅಮೆರಿಕದ ಬರ್ಟ್ರಮ್ ಫೋರರ್ 1948ರಲ್ಲಿ ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ವಾರದ ಬಳಿಕ ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವಿವರಣೆಯೆಂದು ಒಂದೊಂದು ಹಾಳೆಯನ್ನು ನೀಡಿ, ಅದು ಎಷ್ಟು ಸರಿಯಾಗಿದೆಯೆಂದು ಐದು ಅಂಕಗಳಿಗೆ ತೂಗಿ ಹೇಳುವಂತೆ ಕೇಳಿದರು. ಸರಾಸರಿ 4.26 ಅಂಕ ಬಂತು. ಅಸಲಿಗೆ ಎಲ್ಲರಿಗೂ ಕೊಟ್ಟಿದ್ದು ಒಂದೇ ಬರಹ, ಮತ್ತು ಅದರ ವಾಕ್ಯಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದವು. ಹೊರಗೆ ಧೈರ್ಯ ತೋರಿದರೂ ಒಳಗೆ ಅಳುಕು ಇದೆ, ಇತರರ ಮೆಚ್ಚುಗೆ ಬೇಕೆನಿಸುತ್ತದೆ, ಬಳಸದೇ ಉಳಿದ ಸಾಮರ್ಥ್ಯ ಇದೆ ಎಂಬಂಥ ಮಾತುಗಳು ಬಹುಪಾಲು ಎಲ್ಲರಿಗೂ ಹೊಂದುತ್ತವೆ. ಹೊಂದುವುದನ್ನೇ ಆಯ್ದು ನೆನಪಿಟ್ಟು ಉಳಿದುದನ್ನು ಬಿಟ್ಟುಬಿಡುವುದು ಓದುವವರ ಮನಸ್ಸಿನ ಕೆಲಸ. ಬೆಳಗಿನ ಟೀವಿಯಲ್ಲಿ ರಾಶಿಫಲ ಕೇಳಿ ತಲೆದೂಗುವ ಅಭ್ಯಾಸವಿರುವ ಸಮಾಜದಲ್ಲಿ ಈ ಪ್ರಯೋಗಕ್ಕೆ ವಿಶೇಷ ಬೆಲೆಯಿದೆ. ಅದು ಗ್ರಹಗಳ ವಿಚಾರಕ್ಕೆ ಹೋಗುವುದೇ ಇಲ್ಲ. ಮಾತು ತನಗೆ ಹೊಂದಿದೆ ಎಂಬ ಅನುಭವ ಆ ಮಾತಿನ ಸತ್ಯಕ್ಕೆ ಪುರಾವೆಯಾಗಲಾರದು ಎಂಬುದನ್ನಷ್ಟೇ ತೋರಿಸುತ್ತದೆ. ಅಂತರ್ಜಾಲದಲ್ಲಿ ಹರಿದಾಡುವ ವ್ಯಕ್ತಿತ್ವ ಪರೀಕ್ಷೆಗಳಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಈ ಶಾಸ್ತ್ರದ ವಿರುದ್ಧ ಬಹುಕಾಲದಿಂದ ಕೇಳಿಬರುವ ಒಂದು ಆಕ್ಷೇಪವನ್ನು ಇಲ್ಲಿ ಪರಿಶೀಲಿಸಬೇಕು. ಅಜ್ಜಿಯ ಗಾದೆಗಳಲ್ಲಿ ಆಗಲೇ ಇರುವುದನ್ನು ಮನಶ್ಶಾಸ್ತ್ರಜ್ಞರು ಅಂಕಿಸಂಖ್ಯೆಗಳ ಮೂಲಕ ಸುತ್ತಿಬಳಸಿ ಹೇಳುತ್ತಾರೆ ಎಂಬುದೇ ಆ ಆಕ್ಷೇಪ. ಗಾದೆಗಳಲ್ಲಿ ಲೋಕಜ್ಞಾನ ಇರುವುದೇನೋ ದಿಟ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹೇಳುವ ಬಾಯಿಯೇ ಸಹವಾಸದಿಂದ ಸನ್ಯಾಸಿ ಕೆಟ್ಟ ಎಂದೂ ಹೇಳುತ್ತದೆ. ಸ್ವಭಾವ ಬದಲಾಗದೆ ಉಳಿದರೆ ಮೊದಲನೆಯದು, ಬದಲಾದರೆ ಎರಡನೆಯದು ಒದಗಿ ಬರುತ್ತದೆ. ಘಟನೆ ನಡೆದ ಮೇಲೆ ಸದಾ ಸರಿಯಾಗುವ ಈ ತಿಳಿವಳಿಕೆ, ನಡೆಯುವ ಮೊದಲು ಯಾವುದು ಯಾವಾಗ ಅನ್ವಯಿಸುತ್ತದೆಯೆಂದು ಹೇಳಲಾರದು. ಬರೂಕ್ ಫಿಷಾಫ್ ಮತ್ತು ರೂತ್ ಬೇತ್ 1975ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದರ ಮೂಲವನ್ನು ತೋರಿಸಿತು. ಅಮೆರಿಕದ ಅಧ್ಯಕ್ಷ ನಿಕ್ಸನ್ 1972ರಲ್ಲಿ ಚೀನಾ ಮತ್ತು ಸೋವಿಯತ್ ಒಕ್ಕೂಟಗಳಿಗೆ ಹೊರಡುವ ಮೊದಲು, ಭೇಟಿಯಿಂದ ಏನೇನಾಗಬಹುದೆಂದು ಕೆಲವರನ್ನು ಕೇಳಿ ಬರೆದಿಡಲಾಗಿತ್ತು. ಭೇಟಿ ಮುಗಿದ ಮೇಲೆ ಆಗ ಏನು ಹೇಳಿದ್ದಿರೆಂದು ಅವರನ್ನೇ ಕೇಳಿದಾಗ, ನಿಜಕ್ಕೂ ನಡೆದುಹೋದ ಸಂಗತಿಗಳಿಗೆ ತಾವು ಕೊಟ್ಟಿದ್ದ ಸಂಭವನೀಯತೆಯನ್ನು ಅವರು ಇದ್ದುದಕ್ಕಿಂತ ಹೆಚ್ಚೆಂದು ನೆನಪಿಸಿಕೊಂಡರು. ಪಶ್ಚಾದ್ದೃಷ್ಟಿಯ ಪೂರ್ವಗ್ರಹ ಎನ್ನಬಹುದಾದ ಈ ಒಲವಿನಿಂದಾಗಿ, ಯಾವ ಸಂಶೋಧನೆಯ ಫಲಿತಾಂಶವನ್ನು ಕೇಳಿದರೂ ಇದು ಮೊದಲೇ ಗೊತ್ತಿತ್ತು ಎನ್ನಿಸಿಬಿಡುತ್ತದೆ.

ಮೊದಲೇ ಗೊತ್ತಿರಲಿಲ್ಲ ಎಂಬುದಕ್ಕೆ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಆರಂಭಿಸಿದ ಪ್ರಯೋಗಗಳು ಸಾಕ್ಷಿಯಾಗಿವೆ. ಕಲಿಕೆಯ ಅಧ್ಯಯನವೆಂದು ನಂಬಿ ಬಂದ ಸಾಮಾನ್ಯ ನಾಗರಿಕರಿಗೆ, ಪಕ್ಕದ ಕೋಣೆಯಲ್ಲಿ ಕುಳಿತವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಆಘಾತವನ್ನು ಹಂತಹಂತವಾಗಿ 450 ವೋಲ್ಟ್‌ವರೆಗೆ ಏರಿಸುತ್ತ ಹೋಗುವಂತೆ ಪ್ರಯೋಗಕರ್ತರು ಸೂಚಿಸುತ್ತಿದ್ದರು. ಆಘಾತ ನಿಜವಾದುದಲ್ಲ, ಕುಳಿತವನು ನಟಿಸುತ್ತಿದ್ದ. ಎಷ್ಟು ಜನ ಕೊನೆಯವರೆಗೆ ಹೋಗಬಹುದೆಂದು ಮನೋವೈದ್ಯರನ್ನು ಕೇಳಿದಾಗ ಸಾವಿರಕ್ಕೆ ಒಬ್ಬರಷ್ಟೇ ಎಂಬ ಊಹೆ ಬಂದಿತ್ತು. 1963ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 40 ಜನರ ಪೈಕಿ 26 ಮಂದಿ ಕೊನೆಯ ಗುಂಡಿಯನ್ನೂ ಒತ್ತಿದ್ದರು. ಈ ಸಂಖ್ಯೆಗಿಂತ ಮುಖ್ಯವಾದದ್ದು ಮುಂದಿನ ಬದಲಾವಣೆಗಳ ಸರಣಿ. ನೋಯುವವನನ್ನು ಅದೇ ಕೋಣೆಯಲ್ಲಿ ಕೂರಿಸಿದಾಗ ಕೊನೆಮುಟ್ಟಿದವರ ಪ್ರಮಾಣ ಶೇ. 65ರಿಂದ 40ಕ್ಕೆ ಇಳಿಯಿತು, ಅವನ ಕೈಯನ್ನು ಹಿಡಿದು ಒತ್ತಬೇಕಾದಾಗ 30ಕ್ಕೆ ಇಳಿಯಿತು, ಆಜ್ಞೆ ಕೊಡುವವರು ಎದುರಿಗಿರದೆ ಫೋನಿನಲ್ಲಿ ಮಾತಾಡಿದಾಗ ಇನ್ನೂ ಕಡಿಮೆಯಾಯಿತು. ಕ್ರೌರ್ಯ ಹುಟ್ಟುಗುಣವೋ ಸಹವಾಸದ ಫಲವೋ ಎಂಬ ಗಾದೆಗಳ ಜಗಳ ಇಲ್ಲಿ, ಯಾವ ಸನ್ನಿವೇಶದಲ್ಲಿ ಎಷ್ಟು ಜನ ಎಷ್ಟು ದೂರ ಹೋಗುತ್ತಾರೆ ಎಂಬ ಅಳೆಯಬಲ್ಲ ಪ್ರಶ್ನೆಯಾಗುತ್ತದೆ. ಭಾಗವಹಿಸಿದವರನ್ನು ಮೋಸಗೊಳಿಸಿ ಅಷ್ಟು ಸಂಕಟಕ್ಕೆ ತಳ್ಳಿದ್ದು ಸರಿಯೇ ಎಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ಇಂದು ಇಂಥ ಪ್ರಯೋಗಕ್ಕೆ ಯಾವುದೇ ನೈತಿಕ ಸಮಿತಿ ಅನುಮತಿ ಕೊಡುವುದು ಕಷ್ಟ.

ತನ್ನನ್ನು ತಾನು ಅರಿಯುವ ಎರಡನೆಯ ಬಯಕೆಗೆ ಬಂದರೆ, ನೆನಪಿನ ಅಧ್ಯಯನಕ್ಕಿಂತ ಶ್ರೀಮಂತವಾದ ಉದಾಹರಣೆ ಸಿಗುವುದು ಅಪರೂಪ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ತಮ್ಮನ್ನೇ ಏಕೈಕ ಪ್ರಯೋಗವಸ್ತುವಾಗಿ ಇಟ್ಟುಕೊಂಡು, ಅರ್ಥದ ಹಂಗಿಲ್ಲದ ಸುಮಾರು 2,300 ಅಕ್ಷರಗುಚ್ಛಗಳನ್ನು ರಚಿಸಿ, ಅವುಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿ, ಬೇರೆ ಬೇರೆ ಅವಧಿಗಳ ನಂತರ ಅವನ್ನೇ ಮತ್ತೆ ಕಲಿಯಲು ಎಷ್ಟು ಸಮಯ ಉಳಿತಾಯವಾಗುತ್ತದೆಯೆಂದು ಅಳೆದರು. 1885ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಸುಮಾರು ಒಂದು ಗಂಟೆಯ ಬಳಿಕ ಉಳಿಯುತ್ತಿದ್ದುದು ಶೇ. 44, ಒಂದು ದಿನದ ಬಳಿಕ ಶೇ. 34, ಒಂದು ತಿಂಗಳ ಬಳಿಕ ಶೇ. 21. ಮರೆವು ಮೊದಲ ಗಂಟೆಗಳಲ್ಲಿ ರಭಸದಿಂದ ನಡೆದು ಆಮೇಲೆ ನಿಧಾನವಾಗುತ್ತದೆ ಎಂಬ ಈ ನಿಯಮ, ಮನಸ್ಸಿನೊಳಗಿನ ಕ್ರಿಯೆಯೊಂದನ್ನು ರೇಖಾಚಿತ್ರದಲ್ಲಿ ಇಳಿಸಬಹುದೆಂದು ತೋರಿಸಿತು. ಹೊಸ ವಿದ್ಯಾರ್ಥಿಗಳಿಗೆ ಬೇಸರ ತರಿಸುವ ಆ ಅರ್ಥಹೀನ ಅಕ್ಷರಗಳ ಪಟ್ಟಿಯ ಹಿಂದಿರುವುದು ಈ ಜಾಣ್ಮೆ: ಅರ್ಥವಿರುವ ಪದಗಳನ್ನು ಬಳಸಿದ್ದರೆ ಪ್ರತಿಯೊಬ್ಬರ ಹಳೆಯ ಪರಿಚಯವೂ ಅಳತೆಯೊಳಗೆ ಬೆರೆತುಹೋಗುತ್ತಿತ್ತು.

ನೆನಪು ಕಳೆದುಹೋಗುವುದಷ್ಟೇ ಆಗಿದ್ದರೆ ಸಮಸ್ಯೆ ಸರಳವಾಗಿರುತ್ತಿತ್ತು. ಅದು ಬದಲಾಗುತ್ತದೆ ಎಂಬುದು ಹೆಚ್ಚು ಗಂಭೀರ ವಿಚಾರ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ ವಾಹನಗಳ ವೇಗವನ್ನು ಅಂದಾಜು ಮಾಡಲು ಹೇಳಿದರು. ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ವೇಗ ಎಷ್ಟಿತ್ತು ಎಂದು ಕೇಳಿದಾಗ ಸರಾಸರಿ ಗಂಟೆಗೆ 40 ಮೈಲಿಗಿಂತ ತುಸು ಹೆಚ್ಚು ಎಂಬ ಉತ್ತರ ಬಂದರೆ, ತಾಗಿದಾಗ ಎಂಬ ಪದ ಬಳಸಿ ಕೇಳಿದಾಗ ಬಂದದ್ದು 31.8 ಮೈಲಿ. ಇನ್ನೊಂದು ಪ್ರಯೋಗದಲ್ಲಿ ವಾರದ ನಂತರ, ಒಡೆದ ಗಾಜನ್ನು ಕಂಡಿರಾ ಎಂದು ಕೇಳಿದಾಗ, ಅಪ್ಪಳಿಸಿದ ಎಂಬ ಪದ ಕೇಳಿದ್ದ 50 ಮಂದಿಯಲ್ಲಿ 16 ಮಂದಿ ಹೌದೆಂದರು, ಗುದ್ದಿದ ಎಂಬ ಪದ ಕೇಳಿದ್ದ 50 ಮಂದಿಯಲ್ಲಿ ಹಾಗೆಂದವರು 7 ಮಂದಿ. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಪ್ರಶ್ನೆಯೊಳಗಿನ ಒಂದು ಕ್ರಿಯಾಪದ ನೋಡಿದ ನೆನಪನ್ನೇ ತಿದ್ದಬಲ್ಲುದಾದರೆ, ಕಣ್ಣಾರೆ ಕಂಡೆ ಎನ್ನುವ ಸಾಕ್ಷಿಯನ್ನು ನ್ಯಾಯಾಲಯ ಹೇಗೆ ತೂಗಬೇಕು, ತನಿಖಾಧಿಕಾರಿ ಪ್ರಶ್ನೆಗಳನ್ನು ಹೇಗೆ ಕೇಳಬೇಕು ಎಂಬುದು ಶಾಸ್ತ್ರದ ಗಡಿ ದಾಟಿ ಸಾರ್ವಜನಿಕ ಪ್ರಶ್ನೆಯಾಗುತ್ತದೆ. ಸಾಕ್ಷಿ ಸುಳ್ಳಾಡುತ್ತಿಲ್ಲ, ಆದರೂ ಹೇಳುತ್ತಿರುವುದು ನಿಜವಲ್ಲ ಎಂಬ ಸಾಧ್ಯತೆಯನ್ನು ಸಾಮಾನ್ಯ ವಿವೇಕ ಒಪ್ಪಿಕೊಳ್ಳುವುದು ಕಷ್ಟ.

ಪ್ರಯೋಗಾಲಯದ ಆ ಕನ್ನಡಿ ಮತ್ತು ನಕ್ಷತ್ರದ ಸಲಕರಣೆಗೂ ಇಂಥದೇ ಚರಿತ್ರೆಯಿದೆ. ಅಪಸ್ಮಾರದಿಂದ ಬಳಲುತ್ತಿದ್ದ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ 1953ರಲ್ಲಿ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಮೆದುಳಿನ ಎರಡೂ ಪಾರ್ಶ್ವಗಳ ಒಳಭಾಗದಿಂದ ಹಿಪೊಕ್ಯಾಂಪಸ್ ಎಂಬ ರಚನೆಯ ದೊಡ್ಡ ಪಾಲನ್ನು ತೆಗೆಯಲಾಯಿತು. ಆತನ ಬುದ್ಧಿ, ಮಾತು, ಬಾಲ್ಯದ ನೆನಪುಗಳು ಉಳಿದವು. ಆದರೆ ಹೊಸ ಸಂಗತಿಗಳು ಕೆಲವೇ ನಿಮಿಷಗಳಲ್ಲಿ ಅಳಿಸಿಹೋಗುತ್ತಿದ್ದವು. ಬ್ರೆಂಡಾ ಮಿಲ್ನರ್ ಆತನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರವನ್ನು ತಿದ್ದುವ ಕೆಲಸವನ್ನು ಮೂರು ದಿನ ಕೊಟ್ಟಾಗ, ಪ್ರತಿದಿನವೂ ಇದನ್ನು ಹಿಂದೆ ಮಾಡಿದ ನೆನಪೇ ಇಲ್ಲದ ಆತನ ಕೈ ಮಾತ್ರ ದಿನದಿಂದ ದಿನಕ್ಕೆ ಪಳಗುತ್ತ ಹೋಯಿತು. ನೆನಪೆಂಬುದು ಒಂದೇ ಸಾಮರ್ಥ್ಯವಲ್ಲ, ಘಟನೆಗಳ ನೆನಪು ಮತ್ತು ಕೌಶಲದ ನೆನಪು ಮೆದುಳಿನ ಬೇರೆ ಬೇರೆ ವ್ಯವಸ್ಥೆಗಳನ್ನು ಅವಲಂಬಿಸಿವೆ ಎಂಬ ತಿಳಿವಳಿಕೆ ಹೀಗೆ ಹುಟ್ಟಿತು. ಇದನ್ನು ತಿಳಿದ ಬಳಿಕ ಅದೇ ಸಲಕರಣೆಯ ಮುಂದೆ ಕೂತು ಅಂಕುಡೊಂಕು ಗೆರೆ ಎಳೆಯುವ ವಿದ್ಯಾರ್ಥಿಗೆ, ತನ್ನ ಕೈ ತನ್ನ ಅರಿವಿನಾಚೆ ಏನನ್ನೋ ಕಲಿಯುತ್ತಿದೆ ಎಂಬುದು ಪ್ರತ್ಯಕ್ಷವಾಗುತ್ತದೆ.

ಇಂಥ ತಿಳಿವಳಿಕೆಯಿಂದ ನೇರ ಪ್ರಯೋಜನವೂ ಇದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ನಡೆಸಿದ ಅಧ್ಯಯನದಲ್ಲಿ ಒಂದು ಗುಂಪು ಪಾಠವನ್ನು ನಾಲ್ಕು ಅವಧಿಗಳಲ್ಲೂ ಓದಿತು, ಇನ್ನೊಂದು ಗುಂಪು ಒಂದು ಅವಧಿ ಓದಿ ಮೂರು ಅವಧಿಗಳಲ್ಲಿ ಪಾಠವನ್ನು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಅವರಲ್ಲಿ ಉಳಿದದ್ದು ಸುಮಾರು ಶೇ. 40, ನೆನಪಿಸಿಕೊಂಡು ಬರೆದವರಲ್ಲಿ ಉಳಿದದ್ದು ಶೇ. 61. ಆದರೆ ತನಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಆತ್ಮವಿಶ್ವಾಸ ಹೆಚ್ಚಿದ್ದುದು ಮತ್ತೆ ಮತ್ತೆ ಓದಿದವರಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸನ್ನು ಹತ್ತು ಸಲ ತಿರುವಿಹಾಕುವ ರೂಢಿ ಏಕೆ ಬಿಡುವುದಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ: ಓದುವಾಗ ಸಿಗುವ ಸಲೀಸಿನ ಅನುಭವವನ್ನು ಮನಸ್ಸು ಕಲಿಕೆಯೆಂದು ತಪ್ಪಾಗಿ ಎಣಿಸುತ್ತದೆ. ತನ್ನನ್ನು ಅರಿಯಲು ಒಳಗೆ ಇಣುಕಿ ನೋಡಿದರೆ ಸಾಲದು, ಹೊರಗಿನ ಅಳತೆಯೂ ಬೇಕು ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ನೋವನ್ನು ಗುಣಪಡಿಸುವ ಆಸೆಯನ್ನು ಹೆಚ್ಚು ಎಚ್ಚರದಿಂದ ವಿಶ್ಲೇಷಿಸಬೇಕಾಗುತ್ತದೆ. ವೈದ್ಯಕೀಯ ಪದವಿ ಪಡೆದು ಮಾನಸಿಕ ರೋಗಗಳಲ್ಲಿ ಪರಿಣತಿ ಗಳಿಸಿ ಔಷಧ ಬರೆಯುವವರು ಮನೋವೈದ್ಯರು. ಮನಶ್ಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮತ್ತು ಆಸ್ಪತ್ರೆಯ ತರಬೇತಿ ಮುಗಿಸಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಪರೀಕ್ಷೆಗಳ ಮೂಲಕ ಮತ್ತು ಮಾತಿನ ಚಿಕಿತ್ಸೆಯ ಮೂಲಕ ನೆರವಾಗುವವರು ಚಿಕಿತ್ಸಾ ಮನಶ್ಶಾಸ್ತ್ರಜ್ಞರು. ಪದವಿಯ ಮೂರು ವರ್ಷಗಳ ಓದು ಇವೆರಡರಲ್ಲಿ ಯಾವುದಕ್ಕೂ ಪರವಾನಗಿಯಲ್ಲ. ಖಿನ್ನತೆಯ ಲಕ್ಷಣಗಳ ಪಟ್ಟಿ ಓದಿದ ಹೊಸಬರು ತಮಗೂ ನೆರೆಹೊರೆಯವರಿಗೂ ರೋಗದ ಹೆಸರು ಹಚ್ಚತೊಡಗುವ ಅಪಾಯ ಯಾವಾಗಲೂ ಇರುತ್ತದೆ. ಹಾಗೆಂದು ಈ ಓದು ವ್ಯರ್ಥವಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6ರಷ್ಟು ಮಂದಿ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದುದು ಕಂಡುಬಂತು, ಮತ್ತು ಬೇರೆ ಬೇರೆ ಅಸ್ವಸ್ಥತೆಗಳಲ್ಲಿ ಚಿಕಿತ್ಸೆ ತಲುಪದೆ ಉಳಿದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು. ಇಷ್ಟು ದೊಡ್ಡ ಅಂತರದ ಹಿಂದೆ ತಜ್ಞರ ಕೊರತೆಯ ಜೊತೆಗೆ, ಇದು ಕಾಯಿಲೆಯೆಂದು ಗುರುತಿಸದಿರುವುದು, ಗುರುತಿಸಿದರೂ ನಾಲ್ಕು ಜನ ಏನೆಂದಾರು ಎಂದು ಮುಚ್ಚಿಡುವುದು ಸೇರಿವೆ. ಯಾವಾಗ ವೈದ್ಯರ ಬಳಿಗೆ ಕರೆದೊಯ್ಯಬೇಕು, ಯಾವ ಮಾತು ನೊಂದವರನ್ನು ಇನ್ನಷ್ಟು ನೋಯಿಸುತ್ತದೆ ಎಂದು ಬಲ್ಲ ಒಬ್ಬ ಶಿಕ್ಷಕಿ ಅಥವಾ ಒಬ್ಬ ಮಗ ಈ ಅಂತರದಲ್ಲಿ ದೊಡ್ಡ ವ್ಯತ್ಯಾಸ ತರಬಲ್ಲರು. ಕೊರವಂಜಿ ಪತ್ರಿಕೆಯನ್ನು ಕಟ್ಟಿದ ಹಾಸ್ಯಲೇಖಕರೂ ವೈದ್ಯರೂ ಆಗಿದ್ದ ಎಂ. ಶಿವರಾಂ ಮನಸ್ಸಿನ ಕಾಯಿಲೆಗಳ ಕುರಿತು ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದುದು, ಈ ತಿಳಿವಳಿಕೆಯನ್ನು ಜನರ ಭಾಷೆಯಲ್ಲಿ ಹೇಳುವುದು ಎಷ್ಟು ಗೌರವದ ಕೆಲಸವೆಂಬುದಕ್ಕೆ ಗುರುತಾಗಿದೆ.

ಪಶ್ಚಿಮದಲ್ಲಿ ಹುಟ್ಟಿದ ಶಾಸ್ತ್ರ ಇಲ್ಲಿನ ಮನಸ್ಸನ್ನು ಅರಿಯಬಲ್ಲುದೇ ಎಂಬ ಪ್ರಶ್ನೆ ವಿಚಾರವಂತ ಓದುಗರಿಗೆ ಬರಬೇಕಾದದ್ದೇ. ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಾಲಯ ತೆರೆದ ನಾಲ್ಕು ದಶಕಗಳೊಳಗೇ, 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ವಿಭಾಗ ಆರಂಭವಾದಾಗ ಅದರ ಹೊಣೆ ಹೊತ್ತವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ. ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ರೂಪಿಸಿದ ಬುದ್ಧಿಶಕ್ತಿ ಪರೀಕ್ಷೆಯನ್ನು ವಿ. ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಿದರು, ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ದೀರ್ಘಕಾಲ ಬಳಕೆಯಲ್ಲಿತ್ತು. ಪರೀಕ್ಷೆಯನ್ನು ಅನುವಾದಿಸಿದರೆ ಸಾಲದು, ಯಾವ ವಯಸ್ಸಿನ ಇಲ್ಲಿನ ಮಗು ಯಾವ ಪ್ರಶ್ನೆಯನ್ನು ಬಿಡಿಸುತ್ತದೆಯೆಂದು ಹೊಸದಾಗಿ ಅಳೆಯಬೇಕು ಎಂಬ ಎಚ್ಚರ ಆ ಪೀಳಿಗೆಗೇ ಇತ್ತು.

ಆ ಎಚ್ಚರ ಇಂದು ಇಡೀ ಶಾಸ್ತ್ರದ ಆತ್ಮವಿಮರ್ಶೆಯಾಗಿ ಬೆಳೆದಿದೆ. 2003ರಿಂದ 2007ರವರೆಗೆ ಅಮೆರಿಕದ ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಶೇ. 96ರಷ್ಟು ಮಂದಿ, ಜಗತ್ತಿನ ಜನಸಂಖ್ಯೆಯ ಶೇ. 12ರಷ್ಟು ಮಾತ್ರ ಇರುವ ಪಾಶ್ಚಾತ್ಯ ಕೈಗಾರಿಕಾ ದೇಶಗಳವರೆಂದು ಜೆಫ್ರಿ ಆರ್ನೆಟ್ 2008ರಲ್ಲಿ ತೋರಿಸಿದರು. ಗೆರೆಗಳ ಉದ್ದ ಹೋಲಿಸುವ ಆ ಹಲಗೆಯ ಹಿಂದಿರುವ ಮುಲ್ಲರ್-ಲಾಯರ್ ಭ್ರಮೆ, ಅಂದರೆ ತುದಿಯ ಬಾಣಗಳ ದಿಕ್ಕಿನಿಂದಾಗಿ ಸಮಾನ ಗೆರೆಗಳು ಅಸಮಾನವಾಗಿ ಕಾಣುವ ಭ್ರಮೆಯೂ ಎಲ್ಲ ಜನಸಮುದಾಯಗಳಲ್ಲಿ ಒಂದೇ ಪ್ರಮಾಣದಲ್ಲಿ ಇರುವುದಿಲ್ಲವೆಂದು 1966ರಲ್ಲಿ ಪ್ರಕಟವಾದ ಹೋಲಿಕೆಯ ಅಧ್ಯಯನವೊಂದು ತಿಳಿಸಿತ್ತು. ನೋಡುವ ಕ್ರಿಯೆಯೇ ಬದುಕಿನ ಪರಿಸರಕ್ಕೆ ತಕ್ಕಂತೆ ಬದಲಾಗಬಲ್ಲುದಾದರೆ, ದುಃಖ, ನಾಚಿಕೆ, ಹುಚ್ಚುಗಳ ಬಗ್ಗೆ ಹೇಳುವುದೇನಿದೆ? ಜಿ. ಎಂ. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ನಡೆಸಿ 1976ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಗಮನಾರ್ಹ. ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಮನೆಗೆ ಹೋಗಿ ಅವರು ರೋಗಲಕ್ಷಣಗಳ ಲೆಕ್ಕ ಹಾಕಿದ್ದಷ್ಟೇ ಅಲ್ಲದೆ, ಮೈಮೇಲೆ ಬರುವುದನ್ನು ಅಲ್ಲಿನವರೇ ಹೇಗೆ ಅರ್ಥೈಸುತ್ತಾರೆ, ವೈದ್ಯರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳು ಇವರಲ್ಲಿ ಯಾರ ಬಳಿ ಹೋಗುತ್ತಾರೆ ಎಂಬುದನ್ನೂ ವಿಚಾರಿಸಿದರು. ಮೈಮೇಲೆ ಬರುವುದನ್ನು ನೇರವಾಗಿ ರೋಗದ ಪಟ್ಟಿಗೆ ಸೇರಿಸದೆ, ಯಾರಿಗೆ ಅದು ಸಂಕಟ, ಯಾರಿಗೆ ಅದು ಸಮುದಾಯ ಒಪ್ಪಿದ ಪಾತ್ರ ಎಂದು ಕೇಳುವ ಈ ಕ್ರಮದಲ್ಲಿ, ಇಲ್ಲಿನ ವಿದ್ಯಾರ್ಥಿಗಳು ಮುಂದುವರಿಸಬಹುದಾದ ಕೆಲಸ ಬೇಕಾದಷ್ಟಿದೆ.

ಇನ್ನೊಂದು ಆಕ್ಷೇಪ ಈಚಿನದು, ಹೆಚ್ಚು ಹರಿತವಾದದ್ದು. 2015ರಲ್ಲಿ ದೊಡ್ಡ ಸಂಶೋಧಕರ ಗುಂಪೊಂದು ಹೆಸರಾಂತ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು ಸಂಖ್ಯಾಶಾಸ್ತ್ರದ ಪ್ರಕಾರ ಅರ್ಥಪೂರ್ಣ ಫಲಿತಾಂಶ ಕೊಟ್ಟಿದ್ದರೆ, ಮರುಪ್ರಯೋಗದಲ್ಲಿ ಹಾಗಾದದ್ದು ಶೇ. 36ರಷ್ಟು ಮಾತ್ರ. ತನ್ನ ಫಲಿತಾಂಶಗಳೇ ನಿಲ್ಲದ ಶಾಸ್ತ್ರವನ್ನು ಏಕೆ ಓದಬೇಕು ಎಂದು ಕೇಳುವುದು ಸಹಜ. ಆದರೆ ಈ ದೋಷವನ್ನು ಹೊರಗೆಳೆದವರು ಹೊರಗಿನ ವಿರೋಧಿಗಳಲ್ಲ, ಅದೇ ಶಾಸ್ತ್ರದವರು. ಹೊರಗೆಳೆಯಲು ಬಳಸಿದ್ದು ಅದೇ ಶಾಸ್ತ್ರ ಕಲಿಸಿದ ವಿಧಾನಗಳನ್ನು. ಅಂದಿನಿಂದ ಊಹೆಯನ್ನು ಪ್ರಯೋಗಕ್ಕೆ ಮೊದಲೇ ನೋಂದಾಯಿಸುವುದು, ಮಾಹಿತಿಯನ್ನು ಎಲ್ಲರಿಗೂ ತೆರೆದಿಡುವುದು, ದೊಡ್ಡ ಸಂಖ್ಯೆಯ ಜನರನ್ನು ಒಳಗೊಳ್ಳುವುದು ಹೆಚ್ಚು ರೂಢಿಗೆ ಬರುತ್ತಿವೆ. ಹೊಸಬರಿಗೆ ಇದು ಹಿಮ್ಮೆಟ್ಟುವ ಕಾರಣವಾಗಬೇಕಿಲ್ಲ; ಯಾವ ತೀರ್ಮಾನ ಗಟ್ಟಿ, ಯಾವುದು ಜೊಳ್ಳು ಎಂದು ಬೇರ್ಪಡಿಸುವ ಕೆಲಸದಲ್ಲಿ ಭಾಗಿಯಾಗಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮನುಷ್ಯಸ್ವಭಾವವನ್ನು ಅರಿಯಲು ಒಳ್ಳೆಯ ಕಾದಂಬರಿಯೇ ಸಾಕೆನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಒಂದು ಮನಸ್ಸನ್ನು ಅದರ ಇಡೀ ಬಾಳಿನ ಹಿನ್ನೆಲೆಯಲ್ಲಿ ಸಾಹಿತ್ಯ ತೋರಿಸುವಷ್ಟು ಪೂರ್ಣವಾಗಿ ಯಾವ ಪ್ರಯೋಗವೂ ತೋರಿಸಲಾರದು. ಆದರೆ ಕಾದಂಬರಿಯ ಪಾತ್ರ ಸತ್ಯವೆನಿಸುವುದು ಓದುಗರಿಗೆ ಅದು ಒಪ್ಪಿಗೆಯಾದಾಗ. ಒಪ್ಪಿಗೆಯಾದದ್ದೆಲ್ಲ ಸತ್ಯವಲ್ಲ ಎಂಬುದನ್ನು ಫೋರರ್ ಕೊಟ್ಟ ಹಾಳೆಯೇ ತೋರಿಸಿದೆ. ಎರಡೂ ಬಗೆಯ ಅರಿವು ಬೇಕು, ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಹೀಗೆ ನೋಡಿದರೆ ಹೊಸಬರ ಮೂರೂ ನಿರೀಕ್ಷೆಗಳು ಬೇರೆ ರೂಪದಲ್ಲಿ ಈಡೇರುತ್ತವೆ. ಇತರರ ಮನಸ್ಸನ್ನು ಓದುವ ವಿದ್ಯೆ ಸಿಗದಿದ್ದರೂ, ಓದಿದ್ದೇನೆಂದು ಅವಸರದಲ್ಲಿ ತೀರ್ಮಾನಿಸದ ವಿವೇಕ ಸಿಗುತ್ತದೆ. ಎಲ್ಲ ನೋವಿಗೂ ಮದ್ದು ಸಿಗದಿದ್ದರೂ, ತನ್ನ ನೆನಪು ಮತ್ತು ಆತ್ಮವಿಶ್ವಾಸಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಅಂದಾಜು ಸಿಗುತ್ತದೆ. ಸಮಾಜದ ಕ್ರೌರ್ಯಕ್ಕೆ ಒಂದೇ ಮಾತಿನ ಉತ್ತರ ಸಿಗದಿದ್ದರೂ, ಸನ್ನಿವೇಶದ ಯಾವ ಎಳೆಯನ್ನು ಬದಲಿಸಿದರೆ ಜನ ಬೇರೆ ರೀತಿ ನಡೆದುಕೊಳ್ಳುತ್ತಾರೆ ಎಂದು ಕೇಳುವ ಅಭ್ಯಾಸ ಬೆಳೆಯುತ್ತದೆ. ಕೆಲಸದ ಸಂದರ್ಶನದಲ್ಲಿ, ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ, ಶಾಲೆಯ ತರಗತಿಯಲ್ಲಿ, ಮದುವೆಯ ಮಾತುಕತೆಯಲ್ಲಿ ಒಬ್ಬರು ಇನ್ನೊಬ್ಬರ ಮನಸ್ಸಿನ ಬಗ್ಗೆ ತೀರ್ಪು ಕೊಡುತ್ತಲೇ ಇರುತ್ತಾರೆ, ಆ ತೀರ್ಪುಗಳ ಮೇಲೆ ಬದುಕುಗಳು ನಿಂತಿರುತ್ತವೆ. ಅಂಥ ಪ್ರತಿ ತೀರ್ಪಿನ ಮುಂದೆ, ಇದು ಹೇಗೆ ಗೊತ್ತಾಯಿತು ಎಂದು ತಡೆದು ಕೇಳಬಲ್ಲವರು ಇರುವ ಸಮಾಜ, ಇಲ್ಲದ ಸಮಾಜಕ್ಕಿಂತ ಹೆಚ್ಚು ನ್ಯಾಯವಂತವಾಗಿರುತ್ತದೆ. ಮನಶ್ಶಾಸ್ತ್ರವನ್ನು ಮನಸ್ಸಿಟ್ಟು ಓದಲು ಇಷ್ಟು ಕಾರಣ ಸಾಕು.